ವಯಸ್ಸಾದ ಬೆಕ್ಕಿಗೆ ಸಕ್ಕರೆ ಕಾಯಿಲೆ: ಊಟ ಬದಲಿಸಿದರೆ ಇನ್ಸುಲಿನ್ ಲೆಕ್ಕವೂ ಬದಲಾಗುತ್ತದೆ, ಎಚ್ಚರ!

ಹತ್ತು ಹನ್ನೆರಡು ವರ್ಷದ ಮನೆ ಬೆಕ್ಕು. ಕೆಲವು ವಾರಗಳಿಂದ ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲ, ಬಾತ್‌ರೂಮಿನ ಬಕೆಟ್‌ಗೂ ಬಾಯಿ ಹಾಕುತ್ತಿದೆ. ಲಿಟರ್ ಟ್ರೇ ದಿನಕ್ಕೆ ಎರಡು ಸಲ ಬದಲಿಸಿದರೂ ಒದ್ದೆ. ಊಟ ಮೊದಲಿಗಿಂತ ಹೆಚ್ಚು, ಆದರೆ ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತದೆ. 'ವಯಸ್ಸಾಯಿತಲ್ಲ' ಎಂದು ಮನೆಯವರು ಸುಮ್ಮನಾಗುತ್ತಾರೆ. ಕೊನೆಗೊಂದು ದಿನ ಪಶುವೈದ್ಯರ ಬಳಿ ಹೋದಾಗ ಗೊತ್ತಾಗುತ್ತದೆ, ಬೆಕ್ಕಿಗೆ ಸಕ್ಕರೆ ಕಾಯಿಲೆ.

ಅಲ್ಲಿಂದ ಮನೆಗೆ ಬರುವಾಗ ಕೈಯಲ್ಲಿ ಒಂದು ಇನ್ಸುಲಿನ್ ಬಾಟಲಿ, ಒಂದಿಷ್ಟು ಸಿರಿಂಜ್, ಜೊತೆಗೆ 'ಅನ್ನ, ಬಿಸ್ಕತ್ತು, ಡ್ರೈ ಫುಡ್ ಕಡಿಮೆ ಮಾಡಿ' ಎಂಬ ಸಲಹೆ. ಎರಡೂ ಸರಿಯಾದ ಚಿಕಿತ್ಸೆಯೇ. ಆದರೆ ಇವೆರಡನ್ನೂ ಬೇರೆ ಬೇರೆ ಎಂದುಕೊಂಡರೆ ಅಪಾಯ ತಪ್ಪಿದ್ದಲ್ಲ. ಊಟದಲ್ಲಿ ಪಿಷ್ಟ ಕಡಿಮೆಯಾದರೆ ಬೆಕ್ಕಿಗೆ ಬೇಕಾಗುವ ಇನ್ಸುಲಿನ್ ಪ್ರಮಾಣವೂ ಇಳಿಯುತ್ತದೆ, ಕೆಲವೊಮ್ಮೆ ಕೆಲವೇ ದಿನಗಳಲ್ಲಿ. ಹಳೆಯ ಡೋಸ್ ಹಾಗೆಯೇ ಮುಂದುವರಿದರೆ ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಶುಗರ್ ಸ್ವಲ್ಪ ಹೆಚ್ಚಿದ್ದರೆ ಬೆಕ್ಕು ಕೆಲವು ದಿನ ತಡೆದುಕೊಂಡೀತು. ತೀರಾ ಇಳಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು.

ಹಾಗಾದರೆ ಊಟ ಮತ್ತು ಇನ್ಸುಲಿನ್ ಎರಡನ್ನೂ ಜೊತೆಜೊತೆಗೆ ನಿಭಾಯಿಸುವುದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ.

ಬೆಕ್ಕಿಗೆ ಸಕ್ಕರೆ ಕಾಯಿಲೆ ಏಕೆ ಬರುತ್ತದೆ?

ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಮನುಷ್ಯರ ಟೈಪ್ 2 ಮಧುಮೇಹವನ್ನು ಹೋಲುವ ಕಾಯಿಲೆ. ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಉತ್ಪಾದಿಸುತ್ತಿರುತ್ತದೆ, ಆದರೆ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಕಾಲ ಕಳೆದಂತೆ ಗ್ರಂಥಿಯೂ ದಣಿಯುತ್ತದೆ, ಉತ್ಪಾದನೆ ಕುಗ್ಗುತ್ತದೆ.

ಬೊಜ್ಜು ಇದರ ದೊಡ್ಡ ಕಾರಣ. ಮಧ್ಯವಯಸ್ಸು ದಾಟಿದ, ಸಂತಾನಹರಣ ಚಿಕಿತ್ಸೆಯಾದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಫ್ಲ್ಯಾಟ್‌ನೊಳಗೇ ಇದ್ದು ಓಡಾಟವಿಲ್ಲದ ಬೆಕ್ಕುಗಳಿಗೂ ಅಪಾಯ ಜಾಸ್ತಿ. ಚರ್ಮದ ಅಲರ್ಜಿ, ಅಸ್ತಮಾ ಅಥವಾ ಬಾಯಿಹುಣ್ಣಿಗೆ ಪದೇ ಪದೇ ಸ್ಟೀರಾಯ್ಡ್ ಚುಚ್ಚುಮದ್ದು ಪಡೆದ ಬೆಕ್ಕುಗಳಲ್ಲೂ ಶುಗರ್ ಕಾಣಿಸಿಕೊಳ್ಳಬಹುದು. ಆದ್ದರಿಂದ ಹಿಂದೆ ಕೊಟ್ಟ ಔಷಧಿಗಳ ಚೀಟಿಗಳನ್ನೆಲ್ಲ ವೈದ್ಯರಿಗೆ ತೋರಿಸುವುದು ಮುಖ್ಯ.

ಅತಿಯಾದ ಬಾಯಾರಿಕೆ, ಹೆಚ್ಚು ಮೂತ್ರ, ಚೆನ್ನಾಗಿ ತಿಂದರೂ ತೂಕ ಇಳಿಕೆ, ಕಾಂತಿಯಿಲ್ಲದ ಕೂದಲು ಸಾಮಾನ್ಯ ಲಕ್ಷಣಗಳು. ಇನ್ನೊಂದು ವಿಶೇಷ ಲಕ್ಷಣವೂ ಇದೆ. ಆರೋಗ್ಯವಂತ ಬೆಕ್ಕು ಬೆರಳ ತುದಿಯ ಮೇಲೆ ನಡೆಯುತ್ತದೆ. ಸಕ್ಕರೆ ಕಾಯಿಲೆಯಿಂದ ಹಿಂಗಾಲಿನ ನರ ದುರ್ಬಲಗೊಂಡ ಬೆಕ್ಕು ಹಿಮ್ಮಡಿಯನ್ನೂ ನೆಲಕ್ಕೂರಿ ನಡೆಯಲು ಶುರುಮಾಡುತ್ತದೆ, ಸೋಫಾ ಮೇಲೆ ಹಾರಲು ಹಿಂಜರಿಯುತ್ತದೆ.

ಒಂದೇ ರಕ್ತ ಪರೀಕ್ಷೆ ಸಾಲದು

ಆಟೋದಲ್ಲಿ ಬುಟ್ಟಿಯೊಳಗೆ ಕೂತು, ನಾಯಿಗಳ ಬೊಗಳಾಟದ ನಡುವೆ ಕಾದು, ಅಪರಿಚಿತ ಕೈಗಳಿಗೆ ಸಿಕ್ಕ ಬೆಕ್ಕಿನ ಶುಗರ್ ಬರೀ ಹೆದರಿಕೆಯಿಂದಲೇ 300 ದಾಟಬಹುದು. ಹೀಗಾಗಿ ಒಂದು ಸಲ ಹೆಚ್ಚು ಬಂದ ಮಾತ್ರಕ್ಕೆ ಮಧುಮೇಹ ಎಂದು ತೀರ್ಮಾನಿಸುವಂತಿಲ್ಲ.

ಮೂತ್ರದಲ್ಲೂ ಸಕ್ಕರೆ ಇದೆಯೇ, ಲಕ್ಷಣಗಳು ಹೊಂದುತ್ತವೆಯೇ ಎಂದು ವೈದ್ಯರು ನೋಡುತ್ತಾರೆ. ಜೊತೆಗೆ ಫ್ರಕ್ಟೋಸಮೈನ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಮನುಷ್ಯರಲ್ಲಿ ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿ ಹೇಳುವಂತೆ, ಇದು ಬೆಕ್ಕಿನ ಕಳೆದ ಒಂದೆರಡು ವಾರಗಳ ಸರಾಸರಿ ಹೇಳುತ್ತದೆ. ಒಂದು ದಿನದ ಹೆದರಿಕೆಯಿಂದ ಅದು ಏರುವುದಿಲ್ಲ.

ಬೆಕ್ಕಿನ ದೇಹ ಅನ್ನಕ್ಕೆ ಹೇಳಿ ಮಾಡಿಸಿದ್ದಲ್ಲ

ಹಾಲು ಅನ್ನ, ಮೊಸರನ್ನ, ಚಪಾತಿ ಚೂರು, ಸಂಜೆ ಚಹಾದ ಜೊತೆ ಬಿಸ್ಕತ್ತು. ನಮ್ಮ ಮನೆಗಳಲ್ಲಿ ಬೆಕ್ಕು ಬೆಳೆಯುವುದೇ ಹೀಗೆ. ಆದರೆ ಬೆಕ್ಕು ಪ್ರಕೃತಿಯಿಂದ ಪೂರ್ಣ ಮಾಂಸಾಹಾರಿ. ಇಲಿ, ಹಕ್ಕಿಯಂತಹ ಬೇಟೆಯಲ್ಲಿ ಪಿಷ್ಟದ ಅಂಶ ಅತ್ಯಲ್ಪ. ಊಟದಿಂದ ಒಮ್ಮೆಲೇ ಬರುವ ಸಕ್ಕರೆಯನ್ನು ಹಿಡಿದಿಡುವ ಗ್ಲೂಕೋಕೈನೇಸ್ ಎಂಬ ಕಿಣ್ವದ ಚಟುವಟಿಕೆ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಿಮೆ. ಬೇಕಾದ ಗ್ಲೂಕೋಸ್‌ನ ಬಹುಪಾಲನ್ನು ಅದರ ದೇಹ ಪ್ರೋಟೀನ್‌ನಿಂದಲೇ ತಯಾರಿಸಿಕೊಳ್ಳುತ್ತದೆ.

ಆದ್ದರಿಂದ ಮಧುಮೇಹವಿರುವ ಬೆಕ್ಕಿಗೆ ಹೆಚ್ಚು ಪ್ರೋಟೀನ್, ಕಡಿಮೆ ಕಾರ್ಬೋಹೈಡ್ರೇಟ್ ಇರುವ ಊಟ ಸೂಕ್ತ. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘ 2018ರಲ್ಲಿ ಹೊರತಂದ ಮಾರ್ಗಸೂಚಿ ಕೂಡ ಇದೇ ದಾರಿ ಹೇಳುತ್ತದೆ. ಒಟ್ಟು ಕ್ಯಾಲೊರಿಯಲ್ಲಿ ಕನಿಷ್ಠ ಶೇ 40ರಷ್ಟು ಪ್ರೋಟೀನ್‌ನಿಂದ ಬರಬೇಕು, ಕಾರ್ಬೋಹೈಡ್ರೇಟ್ ಸುಮಾರು ಶೇ 12ರ ಆಸುಪಾಸಿನಲ್ಲಿ ಇರಬೇಕು.

ಡ್ರೈ ಫುಡ್‌ನಲ್ಲಿ ಈ ಲೆಕ್ಕ ಹೊಂದಿಸುವುದು ಕಷ್ಟ. ಆ ಕಾಳುಗಳು ಉದುರದೆ ಗಟ್ಟಿಯಾಗಿ ನಿಲ್ಲಬೇಕೆಂದರೆ ಹಿಟ್ಟು ಬೇಕೇ ಬೇಕು. ಪೌಚ್ ಅಥವಾ ಡಬ್ಬಿಯಲ್ಲಿ ಬರುವ ವೆಟ್ ಫುಡ್‌ನಲ್ಲಿ ಸಾಮಾನ್ಯವಾಗಿ ಪಿಷ್ಟ ಕಡಿಮೆ, ನೀರಿನಂಶ ಹೆಚ್ಚು. ವಯಸ್ಸಾದ ಬೆಕ್ಕಿನ ಕಿಡ್ನಿಗೂ ಈ ನೀರು ಒಳ್ಳೆಯದು. ಆದರೆ 'ಗ್ರೇವಿ' ಎಂದು ಬರೆದ ಕೆಲವು ಪೌಚ್‌ಗಳಲ್ಲಿ ರಸ ಗಟ್ಟಿಯಾಗಲು ಪಿಷ್ಟ ಸೇರಿಸಿರುತ್ತಾರೆ, ಲೇಬಲ್ ಓದಿಯೇ ತೆಗೆದುಕೊಳ್ಳಿ.

ಪೊಟ್ಟಣದ ಹಿಂದಿನ ಲೆಕ್ಕ ಹೀಗೆ ಮಾಡಿ

ಬಹುತೇಕ ಪೊಟ್ಟಣಗಳ ಮೇಲೆ ಕಾರ್ಬೋಹೈಡ್ರೇಟ್ ಎಷ್ಟೆಂದು ಬರೆದಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಅಂಶ ಇಷ್ಟನ್ನೂ ಕೂಡಿಸಿ 100ರಿಂದ ಕಳೆದರೆ ಉಳಿಯುವುದೇ ಕಾರ್ಬೋಹೈಡ್ರೇಟ್. ಬೂದಿ ಅಂಶ ಬರೆದಿಲ್ಲವಾದರೆ ಡ್ರೈ ಫುಡ್‌ಗೆ 8, ವೆಟ್ ಫುಡ್‌ಗೆ 2 ಎಂದು ಅಂದಾಜಿಸಿಕೊಳ್ಳಬಹುದು.

ಒಂದು ಉದಾಹರಣೆ ನೋಡೋಣ. ಡ್ರೈ ಫುಡ್ ಪೊಟ್ಟಣದಲ್ಲಿ ಪ್ರೋಟೀನ್ 32, ಕೊಬ್ಬು 12, ನಾರು 4, ತೇವಾಂಶ 10 ಎಂದಿದೆ. ಬೂದಿ ಅಂಶ 8 ಸೇರಿಸಿದರೆ ಒಟ್ಟು 66. ಅಂದರೆ 100 ಗ್ರಾಂನಲ್ಲಿ 34 ಗ್ರಾಂ ಕಾರ್ಬೋಹೈಡ್ರೇಟ್. ಕ್ಯಾಲೊರಿ ಲೆಕ್ಕದಲ್ಲಿ ಇದು ಸುಮಾರು ಶೇ 36.

ಇನ್ನೊಂದು ವೆಟ್ ಫುಡ್ ಪೌಚ್‌ನಲ್ಲಿ ಪ್ರೋಟೀನ್ 11, ಕೊಬ್ಬು 5, ನಾರು 0.5, ತೇವಾಂಶ 80 ಎಂದಿದೆ. ಬೂದಿ ಅಂಶ 2 ಸೇರಿಸಿದರೆ 98.5. ಉಳಿದದ್ದು ಒಂದೂವರೆ ಗ್ರಾಂ ಮಾತ್ರ, ಕ್ಯಾಲೊರಿ ಲೆಕ್ಕದಲ್ಲಿ ಸುಮಾರು ಶೇ 6. ಕ್ಯಾಲೊರಿ ತೆಗೆಯಲು ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಂಗಳನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಬೇಕು. ಲೇಬಲ್‌ನಲ್ಲಿರುವುದು ಕನಿಷ್ಠ, ಗರಿಷ್ಠ ಪ್ರಮಾಣಗಳಾದ್ದರಿಂದ ಇದು ಅಂದಾಜು ಲೆಕ್ಕ. ಆದರೂ ಎರಡು ಪೊಟ್ಟಣಗಳ ನಡುವಿನ ಅಂತರ ತಿಳಿಯಲು ಸಾಕು.

ಬೇಯಿಸಿದ ಕೋಳಿ ಮಾಂಸ ಮಾತ್ರ ಕೊಟ್ಟರೆ ಸಾಕೇ?

ಸಾಕಾಗುವುದಿಲ್ಲ. ಬರೀ ಬೇಯಿಸಿದ ಕೋಳಿಯಲ್ಲಿ ಕ್ಯಾಲ್ಸಿಯಂ ಕೊರತೆ. ಬೆಕ್ಕಿನ ಕಣ್ಣಿಗೆ ಮತ್ತು ಹೃದಯಕ್ಕೆ ಅತ್ಯಗತ್ಯವಾದ ಟಾರಿನ್ ಕೂಡ ಬೇಯಿಸಿದ ನೀರಿಗೆ ಇಳಿದು ಕಡಿಮೆಯಾಗುತ್ತದೆ. ಮನೆಯಲ್ಲೇ ಅಡುಗೆ ಮಾಡಿ ಹಾಕುವುದಾದರೆ ಯಾವ ಪೂರಕ ಎಷ್ಟು ಸೇರಿಸಬೇಕೆಂದು ಪಶುವೈದ್ಯರಿಂದ ಬರೆಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು, ಮಸಾಲೆ ಬೇಡವೇ ಬೇಡ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ.

ಮಾಂಸ ಬೇಯಿಸದ ಸಸ್ಯಾಹಾರಿ ಮನೆಗಳಿಗೂ ದಾರಿ ಇದೆ. 'ಕಂಪ್ಲೀಟ್' ಆಹಾರವೆಂದು ನಮೂದಿಸಿದ ಪೌಚ್ ಅಥವಾ ಡಬ್ಬಿ ಆಹಾರ ಸಾಕು, ಅದಕ್ಕೆ ಬೇರೆ ತಟ್ಟೆ ಇಟ್ಟರಾಯಿತು. ಆದರೆ ಮಧುಮೇಹವಿರುವ ಬೆಕ್ಕನ್ನು ಮೊಸರನ್ನದ ಮೇಲೆ ಇಟ್ಟು ಇನ್ಸುಲಿನ್ ಹೆಚ್ಚಿಸುತ್ತಾ ಹೋಗುವುದು ಒಳ್ಳೆಯ ದಾರಿಯಲ್ಲ.

4 ಕೆ.ಜಿ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕಾಗುತ್ತದೆ. ದಪ್ಪಗಿರುವ ಬೆಕ್ಕಿನ ತೂಕ ಇಳಿಸುವುದಾದರೆ ನಿಧಾನವೇ ಸರಿ, ವಾರಕ್ಕೆ ದೇಹತೂಕದ ಶೇ 1ರ ಆಸುಪಾಸು ಇಳಿದರೆ ಸಾಕು. 'ಹಸಿದರೆ ತಾನೇ ತಿನ್ನುತ್ತೆ' ಎಂದು ಉಪವಾಸ ಕೆಡವುವುದು ಅಪಾಯ. ದಪ್ಪಗಿನ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಊಟ ಬದಲಿಸುವ ಮುನ್ನ ವೈದ್ಯರಿಗೆ ಹೇಳಿ

ಇದು ಈ ಇಡೀ ವಿಷಯದ ಅತಿ ಮುಖ್ಯ ಭಾಗ. ಬೆಕ್ಕು ಡ್ರೈ ಫುಡ್ ತಿನ್ನುತ್ತಿದ್ದಾಗ ನಿಗದಿಯಾದ ಇನ್ಸುಲಿನ್ ಡೋಸ್, ಆ ಊಟದ ಲೆಕ್ಕಕ್ಕೆ ಹೊಂದಿಸಿದ ಡೋಸ್. ಅಂತರ್ಜಾಲದಲ್ಲಿ ಓದಿ, ಒಳ್ಳೆಯದೇ ಅಲ್ಲವೇ ಎಂದು ಸೋಮವಾರ ಡ್ರೈ ಫುಡ್ ನಿಲ್ಲಿಸಿ ವೆಟ್ ಫುಡ್ ಶುರುಮಾಡಿ, ಇನ್ಸುಲಿನ್ ಮಾತ್ರ ಹಿಂದಿನಷ್ಟೇ ಕೊಟ್ಟರೆ ಅದೇ ವಾರದಲ್ಲಿ ಶುಗರ್ ಕುಸಿಯಬಹುದು.

ಸುರಕ್ಷಿತ ಕ್ರಮ ಹೀಗಿದೆ:

- ಊಟ ಬದಲಿಸುವ ದಿನಾಂಕವನ್ನು ಮೊದಲೇ ವೈದ್ಯರಿಗೆ ತಿಳಿಸಿ, ಡೋಸ್ ಇಳಿಸಬೇಕೇ ಎಂದು ಕೇಳಿ.
- 7ರಿಂದ 10 ದಿನಗಳಲ್ಲಿ ಹಳೆಯ ಆಹಾರ ಕಡಿಮೆ ಮಾಡುತ್ತಾ ಹೊಸದನ್ನು ಹೆಚ್ಚಿಸಿ. ಬೆಕ್ಕಿನ ಹೊಟ್ಟೆಯೂ ಇದಕ್ಕೆ ಒಗ್ಗುತ್ತದೆ.
- ಈ ದಿನಗಳಲ್ಲಿ ಪ್ರತಿ ಚುಚ್ಚುಮದ್ದಿಗೂ ಮುನ್ನ ಮನೆಯಲ್ಲೇ ಶುಗರ್ ನೋಡಿ, ಬರೆದಿಡಿ.
- ಮನೆಯಲ್ಲಿ ಎರಡು ಮೂರು ಬೆಕ್ಕುಗಳಿದ್ದರೆ ಬೇರೆ ಬೇರೆ ಕೋಣೆಯಲ್ಲಿ ಊಟ ಹಾಕಿ. ಇನ್ನೊಂದರ ಡ್ರೈ ಫುಡ್ ಕದ್ದು ತಿಂದರೆ ಲೆಕ್ಕವೆಲ್ಲ ತಲೆಕೆಳಗು.

ಮನೆಯವರೆಲ್ಲರಿಗೂ ಈ ವಿಷಯ ಗೊತ್ತಿರಲಿ. ಬೆಳಗ್ಗೆ ಇನ್ಸುಲಿನ್ ಕೊಡುವವರು ಒಬ್ಬರು, ಮಧ್ಯಾಹ್ನ ಪ್ರೀತಿಯಿಂದ ಬಿಸ್ಕತ್ತು ಹಾಕುವವರು ಇನ್ನೊಬ್ಬರು ಎಂದಾದರೆ ಯಾವ ಡೋಸ್ ಕೂಡ ಸರಿಹೋಗುವುದಿಲ್ಲ.

ಯಾವ ಇನ್ಸುಲಿನ್? ಎಷ್ಟು?

ಬೆಕ್ಕಿನ ದೇಹ ಇನ್ಸುಲಿನ್ ಅನ್ನು ಬೇಗ ಖರ್ಚು ಮಾಡುತ್ತದೆ. ಆದ್ದರಿಂದ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಅನ್ನು 12 ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ ಕೊಡುವುದು ರೂಢಿ. ಮನುಷ್ಯರಿಗೆಂದೇ ಬಂದ ಗ್ಲಾರ್ಜಿನ್ ಬೆಕ್ಕುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಬೆಂಗಳೂರಿನ ಬಯೋಕಾನ್ ಸೇರಿದಂತೆ ಭಾರತದ ಕಂಪನಿಗಳೂ ಇದನ್ನು ತಯಾರಿಸುತ್ತವೆ. ಹೊರದೇಶಗಳಲ್ಲಿ ಪ್ರಾಣಿಗಳಿಗೆಂದೇ ತಯಾರಾದ ಪ್ರೋಜಿಂಕ್, ಕ್ಯಾನಿನ್ಸುಲಿನ್‌ಗಳೂ ಬಳಕೆಯಲ್ಲಿವೆ.

ಆರಂಭದ ಡೋಸ್ ಸಾಮಾನ್ಯವಾಗಿ ಒಂದು ಸಲಕ್ಕೆ 1 ಯೂನಿಟ್‌ನ ಆಸುಪಾಸು, 2 ಯೂನಿಟ್ ಮೀರುವುದಿಲ್ಲ. ಮನುಷ್ಯರು 20, 30 ಯೂನಿಟ್ ತೆಗೆದುಕೊಳ್ಳುವುದನ್ನು ನೋಡಿದವರಿಗೆ ಇದು ಏನೂ ಅಲ್ಲ ಅನಿಸಬಹುದು. ಆದರೆ 4 ಕೆ.ಜಿ ಪ್ರಾಣಿಗೆ ಅರ್ಧ ಯೂನಿಟ್ ವ್ಯತ್ಯಾಸವೂ ದೊಡ್ಡದು. ಡೋಸ್ ಹೆಚ್ಚಿಸುವುದಿದ್ದರೂ ಅರ್ಧ ಅಥವಾ ಒಂದು ಯೂನಿಟ್‌ನಂತೆ, ನಡುವೆ ಒಂದೆರಡು ವಾರ ಬಿಟ್ಟು, ವೈದ್ಯರು ಹೇಳಿದ ಮೇಲೆಯೇ ಹೆಚ್ಚಿಸಬೇಕು. ಒಂದು ದಿನ ಶುಗರ್ ಹೆಚ್ಚು ಬಂತೆಂದು ಮನೆಯವರೇ ಏರಿಸುವುದು ಸಲ್ಲದು.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ: ಇಲ್ಲಿ ತಪ್ಪಿದರೆ ಎರಡೂವರೆ ಪಟ್ಟು

ಭಾರತದಲ್ಲಿ ಇದೊಂದು ವಿಶೇಷ ಅಪಾಯ. ಇಲ್ಲಿನ ಮೆಡಿಕಲ್ ಶಾಪ್‌ಗಳಲ್ಲಿ ಎರಡು ಬಗೆಯ ಸಾಂದ್ರತೆಯ ಇನ್ಸುಲಿನ್ ಬಾಟಲಿ ಸಿಗುತ್ತವೆ. ಒಂದರಲ್ಲಿ ಪ್ರತಿ ಮಿ.ಲೀಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಅವಕ್ಕೆ ತಕ್ಕಂತೆ ಸಿರಿಂಜ್ ಕೂಡ ಎರಡು ಬಗೆ. ಯು-40 ಸಿರಿಂಜ್‌ಗೆ ಕೆಂಪು ಮುಚ್ಚಳ, ಯು-100 ಸಿರಿಂಜ್‌ಗೆ ಕಿತ್ತಳೆ ಮುಚ್ಚಳ.

ಮನೆಯ ಹಿರಿಯರಿಗೂ ಸಕ್ಕರೆ ಕಾಯಿಲೆ ಇದ್ದು, ಅವರ 40 ಯೂನಿಟ್‌ನ ಬಾಟಲಿ, ಕೆಂಪು ಮುಚ್ಚಳದ ಸಿರಿಂಜ್ ಅದೇ ಫ್ರಿಜ್‌ನಲ್ಲಿ ಇರುವುದು ಸಾಮಾನ್ಯ. ಬೆಕ್ಕಿನ ಗ್ಲಾರ್ಜಿನ್ 100 ಯೂನಿಟ್‌ನದ್ದು. ಅದನ್ನು ತಪ್ಪಿ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ '2' ಗೆರೆಯವರೆಗೆ ಎಳೆದರೆ ಬೆಕ್ಕಿನ ದೇಹಕ್ಕೆ ಹೋಗುವುದು 2 ಅಲ್ಲ, 5 ಯೂನಿಟ್. ತಿರುಗಿ, 40 ಯೂನಿಟ್‌ನ ಇನ್ಸುಲಿನ್ ಅನ್ನು ಕಿತ್ತಳೆ ಮುಚ್ಚಳದ ಸಿರಿಂಜ್‌ನಲ್ಲಿ ಎಳೆದರೆ 2 ಯೂನಿಟ್ ಬದಲು 0.8 ಯೂನಿಟ್ ಮಾತ್ರ ಹೋಗುತ್ತದೆ.

ಹಾಗಾಗಿ ಬೆಕ್ಕಿನ ಔಷಧಿಗೆ ಬೇರೆಯೇ ಡಬ್ಬಿ ಇಟ್ಟು ಮೇಲೆ ಹೆಸರು ಬರೆಯಿರಿ. ಪ್ರತಿ ಸಲ ಖರೀದಿಸುವಾಗಲೂ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜ್ ಮೇಲಿನ ಸಂಖ್ಯೆ ಒಂದೇ ಇದೆಯೇ ನೋಡಿ. ಸಣ್ಣ ಡೋಸ್‌ಗೆ 0.3 ಮಿ.ಲೀ ಅಳತೆಯ, ಅರ್ಧ ಯೂನಿಟ್ ಗೆರೆ ಇರುವ ಯು-100 ಸಿರಿಂಜ್ ಸಿಕ್ಕರೆ ಒಳ್ಳೆಯದು. ಗ್ಲಾರ್ಜಿನ್‌ನಲ್ಲೇ 300 ಯೂನಿಟ್ ಸಾಂದ್ರತೆಯ ಪೆನ್ ಕೂಡ ಇದೆ, ವೈದ್ಯರ ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು 'ಅದೇ ಔಷಧಿ' ಎಂದು ಅಂಗಡಿಯವರು ಕೊಟ್ಟ ಬೇರೊಂದನ್ನು ತರಬೇಡಿ.

ಹಿರಿಯರ ಇನ್ಸುಲಿನ್‌ನಲ್ಲೇ ಬೆಕ್ಕಿಗೂ ಒಂದಿಷ್ಟು ಕೊಡೋಣ ಎಂಬ ಯೋಚನೆಯೂ ಬೇಡ. ಮನುಷ್ಯರ ಮಿಶ್ರ ಇನ್ಸುಲಿನ್ ಬೆಕ್ಕಿನಲ್ಲಿ ಬೇಗ ಏರಿ ಬೇಗ ಇಳಿಯುತ್ತದೆ.

ಚುಚ್ಚುವುದು ಹೇಗೆ, ಇಡುವುದು ಎಲ್ಲಿ?

ಇನ್ಸುಲಿನ್ ಸೂಜಿ ಬಹಳ ಸಣ್ಣದು, ತಿನ್ನುತ್ತಾ ಕೂತ ಬೆಕ್ಕು ಎಷ್ಟೋ ಸಲ ತಿರುಗಿಯೂ ನೋಡುವುದಿಲ್ಲ. ಪಕ್ಕೆಯ ಅಥವಾ ಭುಜದ ಹಿಂದಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ, ಆ ಮಡಿಕೆಯೊಳಗೆ ಚುಚ್ಚಬೇಕು. ಪ್ರತಿ ಸಲ ಜಾಗ ಸ್ವಲ್ಪ ಬದಲಿಸಿ. ಮೊದಲ ಕೆಲವು ಸಲ ವೈದ್ಯರ ಎದುರಿನಲ್ಲೇ ಮಾಡಿ ಕಲಿಯಿರಿ.

- ಮೊದಲು ಊಟ, ಆಮೇಲೆ ಸೂಜಿ: ಬೆಕ್ಕು ತಿಂದಿತೇ ನೋಡಿ. ತಿನ್ನದಿದ್ದರೆ, ವಾಂತಿ ಮಾಡುತ್ತಿದ್ದರೆ ಪೂರ್ತಿ ಡೋಸ್ ಕೊಡದೆ ವೈದ್ಯರಿಗೆ ಫೋನ್ ಮಾಡಿ.
- ಅನುಮಾನ ಬಂದರೆ ಮತ್ತೆ ಬೇಡ: ಸೂಜಿ ಆಚೆ ಬದಿಗೆ ಹಾದು ಕೂದಲು ಒದ್ದೆಯಾಯಿತು, ಎಷ್ಟು ಒಳಗೆ ಹೋಯಿತೋ ಗೊತ್ತಿಲ್ಲ ಎಂದಾದರೆ ಮತ್ತೊಮ್ಮೆ ಚುಚ್ಚಬೇಡಿ. ಮುಂದಿನ ಸರದಿಗೆ ಕಾಯಿರಿ.
- ಮರೆತರೆ ಜೋಡಿಸಬೇಡಿ: ಒಂದು ಡೋಸ್ ತಪ್ಪಿತೆಂದು ಮುಂದಿನ ಸಲ ಎರಡು ಪಟ್ಟು ಕೊಡುವಂತಿಲ್ಲ.
- ಯಾರು ಕೊಟ್ಟರು, ಬರೆದಿಡಿ: ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಕೊಟ್ಟವರು ಸಮಯ ಬರೆದು ಗುರುತು ಹಾಕಲಿ. ಗಂಡ ಕೊಟ್ಟದ್ದು ತಿಳಿಯದೆ ಹೆಂಡತಿಯೂ ಕೊಡುವ ತಪ್ಪು ಇದರಿಂದ ತಪ್ಪುತ್ತದೆ.

ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್‌ನ ಸಾಮಾನ್ಯ ಭಾಗದಲ್ಲಿ ಇಡಬೇಕು. ಫ್ರೀಜರ್‌ಗೆ ತಾಗಬಾರದು, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಬಿಸಾಡಬೇಕು. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರುತ್ತದೆ, ಮಬ್ಬಾದರೆ ಬಳಸಬೇಡಿ, ಜೋರಾಗಿ ಕುಲುಕಬೇಡಿ, ಅದಕ್ಕೆ ಏನನ್ನೂ ಬೆರೆಸಬೇಡಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಕ್ಲಿನಿಕ್‌ಗೆ ಹಿಂದಿರುಗಿಸಿ. ಮನೆಯ ಕಸಕ್ಕೆ ಹಾಕಿದರೆ ಕಸ ವಿಂಗಡಿಸುವವರ ಕೈಗೆ ಚುಚ್ಚುತ್ತದೆ.

ಮನೆಯಲ್ಲೇ ಶುಗರ್ ನೋಡುವುದು

ಕಿವಿಯ ಅಂಚನ್ನು ಬೆಚ್ಚಗಿನ ಬಟ್ಟೆಯಿಂದ ಒತ್ತಿ, ಸಣ್ಣ ಸೂಜಿಯಿಂದ ಚುಚ್ಚಿದರೆ ಬರುವ ಒಂದು ಹನಿ ರಕ್ತ ಸಾಕು. ಮನೆಯಲ್ಲಿ ಹೆದರಿಕೆ ಇಲ್ಲದ ಕಾರಣ ಬರುವ ಸಂಖ್ಯೆ ಕ್ಲಿನಿಕ್‌ನದ್ದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ.

ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜವಾದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಬೆಕ್ಕು, ನಾಯಿಗಳಿಗೆಂದೇ ಇರುವ ಮೀಟರ್ ಹೆಚ್ಚು ನಿಖರ. ಯಾವ ಮೀಟರ್ ಬಳಸುತ್ತಿದ್ದೀರಿ ಎಂದು ವೈದ್ಯರಿಗೆ ಹೇಳಿ, ನಡುವೆ ಮೀಟರ್ ಬದಲಿಸಬೇಡಿ. ಚರ್ಮಕ್ಕೆ ಅಂಟಿಸಿ 14 ದಿನಗಳವರೆಗೆ ಶುಗರ್ ನೋಡುವ ಫ್ರೀಸ್ಟೈಲ್ ಲಿಬ್ರೆ ಎಂಬ ಸೆನ್ಸರ್ ಅನ್ನು ಬೆಕ್ಕುಗಳಿಗೂ ಬಳಸಲಾಗುತ್ತಿದೆ. ಕೆಲವು ಬೆಕ್ಕುಗಳು ಅದನ್ನು ಬೇಗ ಕಿತ್ತುಹಾಕುತ್ತವೆ.

ಡೋಸ್ ಸರಿಯಿದೆಯೇ ಎಂದು ತಿಳಿಯಲು 12 ಗಂಟೆ ಕಾಲ ಎರಡು ಗಂಟೆಗೊಮ್ಮೆ ಶುಗರ್ ನೋಡಿ ಪಟ್ಟಿ ಮಾಡುವುದುಂಟು. ಅದರಲ್ಲಿ ಅತಿ ಕಡಿಮೆ ಬಂದ ಸಂಖ್ಯೆ 80ರಿಂದ 150ರ ನಡುವೆ ಇದ್ದು, ಅತಿ ಹೆಚ್ಚು ಬಂದದ್ದು 300 ದಾಟದಿದ್ದರೆ ನಿಯಂತ್ರಣ ಚೆನ್ನಾಗಿದೆ ಎಂದರ್ಥ. ಬರೀ ಸಂಖ್ಯೆಯಲ್ಲ, ನೀರು ಕುಡಿಯುವುದು ಕಡಿಮೆಯಾಯಿತೇ, ತೂಕ ನಿಂತಿತೇ, ಮತ್ತೆ ಕಿಟಕಿ ಹತ್ತುತ್ತಿದೆಯೇ ಎಂಬುದೂ ಅಷ್ಟೇ ಮುಖ್ಯ.

ಶುಗರ್ ಕುಸಿದರೆ ತಕ್ಷಣ ಏನು ಮಾಡಬೇಕು?

ಶುಗರ್ 60ಕ್ಕಿಂತ ಕೆಳಗೆ ಬಂದರೆ ಅಪಾಯ. ತೂರಾಡುವುದು, ಮಂಕಾಗಿ ಮೂಲೆ ಸೇರುವುದು, ಇದ್ದಕ್ಕಿದ್ದಂತೆ ಊಟಕ್ಕೆ ಹಪಹಪಿಸುವುದು, ನಡುಕ, ಕೊನೆಗೆ ಫಿಟ್ಸ್ ಇದರ ಲಕ್ಷಣಗಳು.

- ಎಚ್ಚರವಿದ್ದು ತಿನ್ನುವಂತಿದ್ದರೆ ತಕ್ಷಣ ಊಟ ಕೊಡಿ. ಈ ಹೊತ್ತಿಗೆ ಮಾತ್ರ ಡ್ರೈ ಫುಡ್ ಕೂಡ ಸರಿಯೇ.
- ತಿನ್ನಲಾಗದಿದ್ದರೆ ಜೇನುತುಪ್ಪ ಅಥವಾ ಗ್ಲೂಕೋಸ್ ನೀರನ್ನು ಬೆರಳಿಗೆ ಹಚ್ಚಿ ಒಸಡಿಗೆ ಸವರಿ.
- ಪ್ರಜ್ಞೆ ಇಲ್ಲದ ಅಥವಾ ಫಿಟ್ಸ್ ಬಂದಿರುವ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯೊಳಗೆ ಬೆರಳನ್ನೂ ಇಡಬೇಡಿ.
- ಸುಧಾರಿಸಿದಂತೆ ಕಂಡರೂ ವೈದ್ಯರ ಬಳಿ ಕರೆದೊಯ್ಯಿರಿ. ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುತ್ತದೆ, ಶುಗರ್ ಮತ್ತೆ ಇಳಿಯಬಹುದು.
- ಮುಂದಿನ ಡೋಸ್ ಕೊಡುವ ಮುನ್ನ ವೈದ್ಯರನ್ನು ಕೇಳಿ.

ಇನ್ನೊಂದು ತುರ್ತು ಸ್ಥಿತಿ ಕೀಟೋಅಸಿಡೋಸಿಸ್. ಬೆಕ್ಕು ಊಟ ಬಿಟ್ಟು, ವಾಂತಿ ಮಾಡುತ್ತಾ, ಸುಸ್ತಾಗಿ ಮಲಗಿಬಿಟ್ಟರೆ ಬೆಳಗಾಗಲಿ ಎಂದು ಕಾಯಬಾರದು.

ಕಿಡ್ನಿ, ಥೈರಾಯ್ಡ್, ಹಲ್ಲು: ವಯಸ್ಸಾದ ಬೆಕ್ಕಿನ ಬೇರೆ ಲೆಕ್ಕ

ಇಳಿವಯಸ್ಸಿನ ಬೆಕ್ಕಿಗೆ ಬರೀ ಒಂದು ಕಾಯಿಲೆ ಇರುವುದು ಅಪರೂಪ. ಕಿಡ್ನಿ ದುರ್ಬಲವಾಗಿದ್ದರೆ ಊಟದಲ್ಲಿ ರಂಜಕ ಕಡಿಮೆ ಇರಬೇಕಾಗುತ್ತದೆ, ಆದರೆ ಹೆಚ್ಚು ಮಾಂಸದ ಆಹಾರದಲ್ಲಿ ರಂಜಕ ಹೆಚ್ಚು. ಆಗ ಯಾವ ಕಾಯಿಲೆಗೆ ಮೊದಲ ಆದ್ಯತೆ ಎಂದು ರಕ್ತ ಪರೀಕ್ಷೆ ನೋಡಿ ವೈದ್ಯರು ನಿರ್ಧರಿಸಬೇಕು. ಕಿಡ್ನಿ ಕಾಯಿಲೆ ಮುಂದುವರಿದಿದ್ದರೆ ಕಿಡ್ನಿಯ ಆಹಾರ ಕೊಟ್ಟು, ಅದಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸುವುದೂ ಉಂಟು.

ಥೈರಾಯ್ಡ್ ಹೆಚ್ಚಾದರೂ ಬೆಕ್ಕು ಚೆನ್ನಾಗಿ ತಿಂದು ತೂಕ ಇಳಿಸಿಕೊಳ್ಳುತ್ತದೆ, ಹಾಗಾಗಿ ಅದರ ಪರೀಕ್ಷೆಯೂ ಬೇಕು. ಹಲ್ಲಿನ ಸೋಂಕು, ಮೂತ್ರದ ಸೋಂಕು, ಮೇದೋಜ್ಜೀರಕದ ಉರಿಯೂತ ಇದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಡೋಸ್ ಏರಿಸುತ್ತಲೇ ಹೋದರೂ ಶುಗರ್ ಇಳಿಯದಿದ್ದರೆ ಮೆದುಳಿನ ಪಿಟ್ಯುಟರಿ ಗ್ರಂಥಿಯ ತೊಂದರೆಯನ್ನೂ ವೈದ್ಯರು ಪರಿಶೀಲಿಸುತ್ತಾರೆ.

ಚುಚ್ಚುಮದ್ದು ಬೇಡ, ಮಾತ್ರೆ ಇಲ್ಲವೇ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರ ಡಿಸೆಂಬರ್‌ನಲ್ಲಿ ಬೆಕ್ಕುಗಳಿಗೆ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ ಕುಡಿಸುವ ಔಷಧಿಗೆ ಒಪ್ಪಿಗೆ ನೀಡಿದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಔಷಧಿಗಳಿವು. ಆದರೆ ಈಗಾಗಲೇ ಇನ್ಸುಲಿನ್ ಪಡೆಯುತ್ತಿರುವ ಬೆಕ್ಕುಗಳಿಗೆ ಇವು ಸೂಕ್ತವಲ್ಲ. ಶುಗರ್ ಸಾಮಾನ್ಯವೆಂದು ತೋರಿಸುತ್ತಿರುವಾಗಲೇ ಕೀಟೋಅಸಿಡೋಸಿಸ್ ಬರುವ ಅಪಾಯವೂ ಇದೆ. ಮನೆಯಲ್ಲಿರುವ ಮನುಷ್ಯರ ಶುಗರ್ ಮಾತ್ರೆ, ಹಾಗಲಕಾಯಿ ರಸ, ಮೆಂತ್ಯ ಕಷಾಯಗಳನ್ನು ಇನ್ಸುಲಿನ್ ಬದಲು ಕೊಡಬಾರದು.

ಊರಿಗೆ ಹೋಗುವಾಗ ಏನು ಮಾಡುವುದು?

ಮುಂಬೈ, ಪುಣೆ, ಹೈದರಾಬಾದ್‌ನಲ್ಲಿರುವವರಿಗೆ ಹಬ್ಬ, ಮದುವೆ ಎಂದರೆ ಊರಿನ ಪ್ರಯಾಣ ಇದ್ದದ್ದೇ. ಬೆಕ್ಕನ್ನು ನೆರೆಯವರ ಬಳಿ ಬಿಡುವುದಾದರೆ ಇನ್ಸುಲಿನ್ ಕೊಡುವುದನ್ನು ಒಂದು ವಾರ ಮೊದಲೇ ಕಲಿಸಿ, ಅವರ ಕೈಯಿಂದಲೇ ಕೊಡಿಸಿ ನೋಡಿ. ಊಟದ ಪ್ರಮಾಣ, ಡೋಸ್, ವೈದ್ಯರ ನಂಬರ್ ಬರೆದುಕೊಡಿ. ಜೊತೆಗೆ ಕರೆದೊಯ್ಯುವುದಾದರೆ ಇನ್ಸುಲಿನ್ ಅನ್ನು ತಂಪು ಚೀಲದಲ್ಲಿ, ಐಸ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಇಡಿ. ಊಟವನ್ನೂ ಇಲ್ಲಿಂದಲೇ ಒಯ್ಯಿರಿ. ಊರಿನಲ್ಲಿ ಅಜ್ಜಿ ಹಾಕುವ ಹಾಲು ಅನ್ನ ಒಂದೇ ದಿನದಲ್ಲಿ ಲೆಕ್ಕ ತಪ್ಪಿಸುತ್ತದೆ.

ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಮುಂಬೈನ ಪರೇಲ್, ಚೆನ್ನೈನ ವೇಪೇರಿ, ಹೈದರಾಬಾದ್‌ನ ರಾಜೇಂದ್ರನಗರ, ಬೆಂಗಳೂರಿನ ಹೆಬ್ಬಾಳದಲ್ಲಿ ಇಂತಹ ಕಾಲೇಜುಗಳಿವೆ.

ಇನ್ಸುಲಿನ್ ಶಾಶ್ವತವೇ?

ಇಲ್ಲಿದೆ ಸಮಾಧಾನದ ಸುದ್ದಿ. ಸಕ್ಕರೆ ಕಾಯಿಲೆ ಬಂದ ಬೆಕ್ಕುಗಳಲ್ಲಿ ಕೆಲವು, ಬೇಗ ಚಿಕಿತ್ಸೆ ಸಿಕ್ಕರೆ, ಇನ್ಸುಲಿನ್ ಇಲ್ಲದೆಯೇ ಬದುಕುವ ಸ್ಥಿತಿಗೆ ಮರಳುತ್ತವೆ. 2009ರಲ್ಲಿ ಪ್ರಕಟವಾದ 55 ಬೆಕ್ಕುಗಳ ಅಧ್ಯಯನವೊಂದರಲ್ಲಿ ಕಡಿಮೆ ಕಾರ್ಬೋಹೈಡ್ರೇಟ್ ಊಟ, ಗ್ಲಾರ್ಜಿನ್, ಮನೆಯಲ್ಲೇ ಬಿಗಿಯಾದ ಪರೀಕ್ಷೆ ಮೂರನ್ನೂ ಪಾಲಿಸಲಾಗಿತ್ತು. ಕಾಯಿಲೆ ಪತ್ತೆಯಾದ ಆರು ತಿಂಗಳೊಳಗೆ ಈ ಕ್ರಮ ಶುರುಮಾಡಿದ ಬೆಕ್ಕುಗಳಲ್ಲಿ ಶೇ 84ರಷ್ಟಕ್ಕೆ ಇನ್ಸುಲಿನ್ ನಿಲ್ಲಿಸಲು ಸಾಧ್ಯವಾಯಿತು. ತಡವಾಗಿ ಶುರುಮಾಡಿದವುಗಳಲ್ಲಿ ಅದು ಶೇ 35ಕ್ಕೆ ಇಳಿಯಿತು. ಎಲ್ಲ ಮನೆಗಳಲ್ಲೂ ಇದೇ ಫಲಿತಾಂಶ ಬರುತ್ತದೆ ಎಂದಲ್ಲ, ಆದರೆ ಬೇಗ ಶುರುಮಾಡುವುದರ ಬೆಲೆ ಇದರಿಂದ ತಿಳಿಯುತ್ತದೆ.

ಮತ್ತೆ ಮೊದಲಿನ ಮಾತಿಗೇ ಬರಬೇಕು. ಬೆಕ್ಕು ಗುಣಮುಖವಾಗುವ ಹಾದಿಯಲ್ಲೇ ಶುಗರ್ ಕುಸಿಯುವ ಅಪಾಯವೂ ಇದೆ. ದೇಹ ಮತ್ತೆ ತಾನೇ ಇನ್ಸುಲಿನ್ ತಯಾರಿಸತೊಡಗಿದಾಗ, ಹೊರಗಿನ ಡೋಸ್ ಹೆಚ್ಚಾಗಿಬಿಡುತ್ತದೆ. ಇದನ್ನು ಮೊದಲು ಕಾಣುವುದು ಮನೆಯವರು ಬರೆದಿಟ್ಟ ಸಂಖ್ಯೆಗಳಲ್ಲಿ. ಇನ್ಸುಲಿನ್ ನಿಂತ ಮೇಲೂ ಊಟದ ಕ್ರಮ ಬಿಡುವಂತಿಲ್ಲ, ಕಾಯಿಲೆ ಮರಳಬಹುದು. ಬೆಕ್ಕಿನ ತಟ್ಟೆಯಲ್ಲಿ ಏನೇ ಬದಲಾದರೂ ಮೊದಲು ಶುಗರ್ ನೋಡಿ, ವೈದ್ಯರಿಗೆ ತಿಳಿಸಿ, ಆಮೇಲೆ ಸಿರಿಂಜ್ ಕೈಗೆತ್ತಿಕೊಳ್ಳಿ.